ಹಳಿ ಮುಟ್ಟದ ಹಂಚು

ಗೂಡ್ಸ್ ರೈಲಿನ ಮಾದರಿ ಕಟ್ಟುವವರಿಗೆ ಎಂಜಿನ್ ಅಂಗಡಿಯಲ್ಲಿ ಸಿಗುತ್ತದೆ. ಗಿರಾಕಿಯನ್ನು ಮಾತ್ರ ತಾವೇ ಹುಡುಕಿಕೊಳ್ಳಬೇಕು. ಹಳಿಯ ಪಕ್ಕ ಒಂದು ಗಿರಣಿಯೋ ಗೋದಾಮೋ ಕಟ್ಟಿಗೆ ಡಿಪೋವೋ ಇಲ್ಲದಿದ್ದರೆ ಪುಟ್ಟ ವ್ಯಾಗನ್‌ಗಳಿಗೆ ನಿಲ್ಲುವ ಕಾರಣವೇ ಇರುವುದಿಲ್ಲ. ಅವು ಹಲಗೆಯ ಮೇಲೆ ಗಾಣದ ಎತ್ತಿನ ಹಾಗೆ ಸುತ್ತುತ್ತವೆ. ಆದ್ದರಿಂದ ಈ ಹವ್ಯಾಸದಲ್ಲಿ ನುರಿತವರು ತಮ್ಮ ಊರಿನಲ್ಲಿ ಒಂದು ಕಾಲಕ್ಕೆ ರೈಲನ್ನು ನಂಬಿ ಬದುಕಿದ್ದು ಈಗ ಮರೆತುಹೋಗಿರುವ ವ್ಯವಹಾರಗಳ ಬೆನ್ನು ಹತ್ತುತ್ತಾರೆ. ಯಾವ ಕಾರ್ಖಾನೆಯ ಅಂಗಳದವರೆಗೆ ಸೈಡಿಂಗ್, ಅಂದರೆ ಮುಖ್ಯ ಹಳಿಯಿಂದ ಕವಲೊಡೆದ ಹಳಿ, ಹೋಗಿತ್ತು? ಯಾವ ಸಾಹುಕಾರರ ಮೂಟೆಗಳು ಗೂಡ್ಸ್‌ಶೆಡ್‌ನಲ್ಲಿ ಇಳಿಯುತ್ತಿದ್ದವು?

ಕರ್ನಾಟಕದ ಕೆಲವು ಊರುಗಳಲ್ಲಿ ಇದಕ್ಕೆ ಉತ್ತರ ಸುಲಭ. ಕೋಲಾರದ ಚಿನ್ನದ ಗಣಿಗಳಿಗೆಂದೇ 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಮ್‌ಗೆ ಹಳಿ ಬಂತು. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ರೈಲಿಲ್ಲದೆ ಊಹಿಸಲೂ ಆಗದು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳಿಗೆ ಬಂದಾಗ ಪ್ರಶ್ನೆಯೇ ತಲೆಕೆಳಗಾಗುತ್ತದೆ. 1907ರಲ್ಲಿ ಮಂಗಳೂರು ಮುಟ್ಟಿದ ರೈಲು ಅಲ್ಲಿಂದ ಉತ್ತರಕ್ಕೆ ಹೊರಡಲು ಎಂಬತ್ತು ವರ್ಷಕ್ಕೂ ಮಿಕ್ಕಿ ತೆಗೆದುಕೊಂಡಿತು. ಕೊಂಕಣ ರೈಲಿನ ಮಂಗಳೂರು–ಉಡುಪಿ ತುಂಡು ತೆರೆದದ್ದು 1993ರ ಮಾರ್ಚ್ 20ರಂದು. ಇಡೀ ದಾರಿ ಲೋಕಾರ್ಪಣೆಯಾದದ್ದು 1998ರ ಜನವರಿ 26ರಂದು. ಅಷ್ಟರೊಳಗೆ ಈ ಊರುಗಳ ಹೊಳೆದಂಡೆಯ ಹಂಚಿನ ಕಾರ್ಖಾನೆಗಳ ಚಿಮಣಿಗಳು ಒಂದೊಂದಾಗಿ ಹೊಗೆ ನಿಲ್ಲಿಸತೊಡಗಿದ್ದವು.

ಇಂಥ ಊರಿನ ಮಾದರಿ ರೈಲಿಗೆ ಗಿರಾಕಿಯನ್ನು ಎಲ್ಲಿಂದ ತರುವುದು? ಮುಂದಿನ ಮಾತುಕತೆ ಇಬ್ಬರದು. ಒಬ್ಬರು ಹಂಚಿನ ಕಾರ್ಖಾನೆಯ ಕಚೇರಿಯಲ್ಲಿ ಬಿಲ್ಲು ಬರೆದು ನಿವೃತ್ತರಾದ ಹಿರಿಯರು. ಇನ್ನೊಬ್ಬ ಬೆಂಗಳೂರಿನಲ್ಲಿ ಕೆಲಸ ಮಾಡುವ, ಊರಮನೆಯ ಅಟ್ಟದಲ್ಲಿ ಎಚ್ಒ ಅಳತೆಯ ರೈಲು ಕಟ್ಟುತ್ತಿರುವ ಯುವಕ. ಎಚ್ಒ ಎಂದರೆ ನಿಜದ 87ನೇ ಒಂದು ಪಾಲು.

ಯುವಕ: ಮಾವಯ್ಯ, ಹದಿನಾರಡಿ ಉದ್ದದ ಹಲಗೆ ಹಾಕಿಯಾಯ್ತು. ಕುಂದಾಪುರ ಸ್ಟೇಷನ್, ಹೊಳೆ, ಸೇತುವೆ, ಒಂದು ಹಂಚಿನ ಕಾರ್ಖಾನೆ. ನನಗೆ ಬೇಕಾದ್ದು ಒಂದೇ. ಯಾವ ಕಾರ್ಖಾನೆಗೆ ರೈಲಿನ ಸೈಡಿಂಗ್ ಇತ್ತು?

ಹಿರಿಯರು: ಯಾವುದಕ್ಕೂ ಇರಲಿಲ್ಲ ಮಾಣಿ. ರೈಲೇ ಇರಲಿಲ್ಲವಲ್ಲ, ಸೈಡಿಂಗ್ ಎಲ್ಲಿಂದ ಬರಬೇಕು?

ಯುವಕ: ಆಮೇಲೆ ಬಂತಲ್ಲ. ಆಗ ನಿಮ್ಮ ಕಾರ್ಖಾನೆ ಇತ್ತೋ ಇಲ್ಲವೋ?

ಹಿರಿಯರು: ಇತ್ತು, ಉಸಿರು ಹಿಡಿದುಕೊಂಡು. ಸ್ಟೇಷನ್ ಆದದ್ದೆಲ್ಲಿ? ಮೂಡ್ಲಕಟ್ಟೆಯಲ್ಲಿ, ಪೇಟೆಯಿಂದ ಅಷ್ಟು ಒಳಗೆ. ಕಾರ್ಖಾನೆ ಇದ್ದದ್ದು ಹೊಳೆಬದಿಯಲ್ಲಿ. ಲಾರಿಗೆ ತುಂಬಿಸಿ ಮೂಡ್ಲಕಟ್ಟೆಗೆ ಹೋಗಿ ಇಳಿಸಿ ಮತ್ತೆ ವ್ಯಾಗನ್‌ಗೆ ತುಂಬಿಸುವ ಬದಲು ಅದೇ ಲಾರಿ ಸೀದಾ ಹುಬ್ಬಳ್ಳಿಗೆ ಹೋತಿತ್ತು. ಹಂಚು ಒಂದೊಂದು ಸಲ ಎತ್ತಿಳಿಸಿದಾಗಲೂ ಒಡೆಯುತ್ತದೆ. ಒಡೆದದ್ದರ ಲೆಕ್ಕ ಬರೆದವ ನಾನು.

ಹಿರಿಯರ ಮಾತಿನ ಹಿಂದೆ ರೈಲ್ವೆಯ ಲೆಕ್ಕಾಚಾರವೂ ಇದೆ. ಹಳೆಯ ಕಾಲದ ನಾಲ್ಕು ಗಾಲಿಯ ಮುಚ್ಚಿದ ವ್ಯಾಗನ್ ಇಪ್ಪತ್ತು ಚಿಲ್ಲರೆ ಟನ್ ಹೊರುತ್ತಿತ್ತು. ಒಬ್ಬ ಸಾಧಾರಣ ವ್ಯಾಪಾರಿ ಒಂದೇ ವ್ಯಾಗನ್ ಕೇಳಿ ಪಡೆಯಬಹುದಿತ್ತು. 1980ರ ದಶಕದಿಂದ ಭಾರತೀಯ ರೈಲ್ವೆ ಬಿಡಿ ವ್ಯಾಗನ್‌ಗಳ ಸಾಗಣೆಯನ್ನು ಕಡಿಮೆ ಮಾಡಿ, ಒಂದೇ ಕಡೆಯಿಂದ ಒಂದೇ ಕಡೆಗೆ ಹೋಗುವ ಪೂರ್ತಿ ರೇಕುಗಳತ್ತ, ಅಂದರೆ ಇಡೀ ವ್ಯಾಗನ್ ಸಾಲುಗಳತ್ತ, ತಿರುಗಿತು. ಬಿಸಿಎನ್‌ಎ ಎಂಬ ಎಂಟು ಗಾಲಿಯ ಮುಚ್ಚಿದ ವ್ಯಾಗನ್ ಸುಮಾರು 58 ಟನ್ ಹೊರುತ್ತದೆ. ಮಂಗಳೂರು ಹಂಚು ಒಂದಕ್ಕೆ ಎರಡೂವರೆ ಕಿಲೋ ಎಂದು ಹಿಡಿದರೆ ಒಂದು ವ್ಯಾಗನ್‌ಗೆ 23,000 ಹಂಚು, 40 ವ್ಯಾಗನ್‌ಗಳ ರೇಕಿಗೆ 9 ಲಕ್ಷಕ್ಕೂ ಹೆಚ್ಚು. ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಹಂಚು ಬೇಕು. ಅಂದರೆ ಒಂದು ರೇಕು ಹಂಚಿನಲ್ಲಿ 150 ಚದರ ಮೀಟರಿನ ನಾನೂರು ಮನೆಗಳ ಮಾಡು ಮುಚ್ಚಬಹುದು. ಕಾಂಕ್ರೀಟ್ ತಾರಸಿಯ ಕಾಲದಲ್ಲಿ, ಒಂದೇ ಊರಿನಿಂದ, ಒಂದೇ ದಿನಕ್ಕೆ ಅಷ್ಟು ಗಿರಾಕಿ ಎಲ್ಲಿ? ರೈಲು ಕುಂದಾಪುರಕ್ಕೆ ಬರುವ ಹೊತ್ತಿಗೆ ಕುಂದಾಪುರದಂಥ ಊರಿನ ಸಣ್ಣ ಸರಕನ್ನು ರೈಲು ಬಿಟ್ಟಾಗಿತ್ತು.

ಯುವಕ: ಹಾಗಾದರೆ ಹೊಳೆದಂಡೆಯಲ್ಲಿ ಕಾರ್ಖಾನೆಗಳು ಯಾಕೆ ಕೂತವು? ಯಾರಾದರೂ ಸಾಗಿಸಿರಬೇಕಲ್ಲ.

ಹಿರಿಯರು: ನೀರು ಸಾಗಿಸಿತು. ಆವೆಮಣ್ಣು ದೋಣಿಯಲ್ಲಿ ಬತ್ತಿತ್ತು, ಕಟ್ಟಿಗೆ ದೋಣಿಯಲ್ಲಿ ಬತ್ತಿತ್ತು, ಸುಟ್ಟ ಹಂಚು ದೋಣಿಯಲ್ಲೇ ಹೋತಿತ್ತು. ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ, ವಾರಾಹಿ, ಐದೂ ಹೊಳೆ ಸೇರುವಲ್ಲಿ ಗಂಗೊಳ್ಳಿಯ ಅಳಿವೆ. ಅಲ್ಲಿ ಮಂಜಿ, ಕಡಲಿಗೆ ಹೋಗುವ ದೊಡ್ಡ ಹಾಯಿದೋಣಿ, ಕಾಯ್ತಾ ನಿಂತಿರುತ್ತಿತ್ತು. ಹಂಚನ್ನು ಮಲಗಿಸಿದರೆ ಒಡೆಯುತ್ತದೆ ಅಂತ ನಿಲ್ಲಿಸಿ, ನಡುವೆ ಬೈಹುಲ್ಲು ತುರುಕಿ ಒತ್ತುತ್ತಿದ್ದರು. ಬ್ರಹ್ಮಾವರದ ಕಡೆಯವರಿಗೆ ಹಂಗಾರಕಟ್ಟೆ ಬಂದರು ಇತ್ತು. ನಿನ್ನ ಹಲಗೆಯಲ್ಲಿ ಹಂಗಾರಕಟ್ಟೆ ಉಂಟಾ?

ಯುವಕ: ಇಲ್ಲ. ಬಾರ್ಕೂರು ಸ್ಟೇಷನ್ ಇದೆ.

ಹಿರಿಯರು: ಕಾಣು! ಸರಕು ಇದ್ದ ಜಾಗ ಬಿಟ್ಟು ಫಲಕ ಇದ್ದ ಜಾಗ ಹಿಡಿದಿದ್ದೆ ನೀನು.

ಹುಡುಕುವ ದಾರಿಯ ಬಗ್ಗೆ ಇಬ್ಬರ ನಡುವೆ ಮೊದಲ ಜಟಾಪಟಿ ಎದ್ದದ್ದು ಇಲ್ಲಿಂದ. ಯುವಕ ಕಾಗದದಿಂದ ಶುರುಮಾಡಿದ್ದ. ಸ್ಟರಕ್ 1894ರಲ್ಲಿ ಹೊರತಂದ ದಕ್ಷಿಣ ಕೆನರಾ ಜಿಲ್ಲೆಯ ಕೈಪಿಡಿ, 1895ರಲ್ಲಿ ಸ್ಟುವರ್ಟ್ ಸೇರಿಸಿದ ಎರಡನೆಯ ಸಂಪುಟ, ಬ್ರಿಟಿಷ್ ಕಾಲದ ಸರ್ವೆ ನಕ್ಷೆಗಳು, ರೈಲ್ವೆಯ ಹಳೆಯ ವೇಳಾಪಟ್ಟಿಗಳು. ಇವುಗಳಲ್ಲಿ ಊರಿನ ಹೆಸರನ್ನು ಇಂದಿನ ಕಾಗುಣಿತದಲ್ಲಿ ಹುಡುಕಿದರೆ ಏನೂ ಸಿಗದು. ಕುಂದಾಪುರ ಅಲ್ಲಿ ‘ಕೂಂಡಪೂರ್’, ಹಂಗಾರಕಟ್ಟೆ ‘ಹಂಗರ್‌ಕಟ್ಟ’. ಇನ್ನೊಂದು ತೊಡಕು ಗಡಿಯದು. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಬೈಂದೂರು, ಶಿರೂರು ಮದರಾಸಿನಲ್ಲಿ ಉಳಿದವು, ಪಕ್ಕದ ಭಟ್ಕಳ ಮುಂಬಯಿಯದಾಯಿತು. ಒಂದೇ ಕಡಲದಂಡೆಯ ವ್ಯಾಪಾರ ಎರಡು ಸರಕಾರಗಳ ಕಡತಗಳಲ್ಲಿ ಹಂಚಿಹೋಗಿದೆ.

ಹಿರಿಯರಿಗೆ ಕಡತದ ಮೇಲೆ ಅಷ್ಟು ಭರವಸೆ ಇರಲಿಲ್ಲ.

ಹಿರಿಯರು: ಮಾಡು ಹತ್ತು. ಒಂದು ಹಂಚು ತೆಗೆದು ಮಗುಚಿ ಕಾಣು. ಕಾರ್ಖಾನೆಯ ಹೆಸರು, ಊರು, ಗುರುತು, ಎಲ್ಲ ಅದರ ಬೆನ್ನ ಮೇಲೆ ಉಂಟು. ಹಳೆಯ ಮನೆ ಕೆಡವುವಲ್ಲಿ ನಾಲ್ಕು ದಿನ ನಿಂತರೆ ಊರಿನ ಕಾರ್ಖಾನೆಗಳ ಪಟ್ಟಿ ತಯಾರು.

ಯುವಕ: ಅದನ್ನೂ ಮಾಡಿದ್ದೇನೆ. ಒಂದರ ಮೇಲೆ 1865 ಎಂದಿತ್ತು. ನೂರಾ ಅರವತ್ತು ವರ್ಷದ ಹಂಚು ಸಿಕ್ಕಿತು ಅಂತ ಕುಣಿದೆ.

ಹಿರಿಯರು: (ನಗುತ್ತ) ಅದು ಅಂಗಡಿ ತೆರೆದ ವರ್ಷ ಮಾರಾಯ, ಹಂಚು ಸುಟ್ಟ ವರ್ಷ ಅಲ್ಲ.

ಈ ಎಡವಟ್ಟು ಹಲವರಿಗೆ ಆಗಿದೆ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಇಸವಿಯನ್ನು ಮಿಷನ್ನಿನ ಹಂಚುಗಳ ಮೇಲೆ ಗುರುತಿನ ಭಾಗವಾಗಿ ಅಚ್ಚೊತ್ತುತ್ತಾ ಬಂದರು. ಮೂರೇ ವರ್ಷಗಳಲ್ಲಿ ಆಲ್ಬುಕರ್ಕ್ ಕುಟುಂಬದವರು ತಮ್ಮ ಕಾರ್ಖಾನೆ ತೆರೆದರು, ಉಳಿದವರು ಹಿಂಬಾಲಿಸಿದರು. ಮಿಷನ್ನಿನದೇ ಇನ್ನೊಂದು ಕಾರ್ಖಾನೆ 1886ರಲ್ಲಿ ಮಲ್ಪೆಗೆ ಬಂತು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಉದ್ಯಮಗಳು ಕೈತಪ್ಪಿ, ಮುಂದೆ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹಾಗಾಗಿ ಹಂಚಿನ ಬೆನ್ನಿನ ಬರಹದಲ್ಲಿ ಇಸವಿಗಿಂತ ಒಡೆಯರ ಹೆಸರು ಹೆಚ್ಚು ನಂಬಿಕೆಯ ಸಾಕ್ಷಿ. ಹೆಸರು ಬದಲಾದ ಕಡೆ ಕಾಲವೂ ಬದಲಾಗಿರುತ್ತದೆ. ಬಾಸೆಲ್ ಮಿಷನ್ನಿನ ಕಾರ್ಖಾನೆಗಳಿಗಾದರೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲೂ ಮಂಗಳೂರಿನ ಬಲ್ಮಠದಲ್ಲೂ ದಾಖಲೆಗಳಿವೆ, ಫೋಟೊಗಳಿವೆ. ಕುಂದಾಪುರದ ಸಣ್ಣ ಕಾರ್ಖಾನೆಗಳಿಗೆ ಆ ಭಾಗ್ಯವಿಲ್ಲ. ಅವುಗಳ ಸಾಕ್ಷಿ ಹಂಚಿನ ಬೆನ್ನು, ಯಾರದೋ ಪೆಟ್ಟಿಗೆಯಲ್ಲಿ ಉಳಿದ ಬಿಲ್ಲು, ಪತ್ರಿಕೆಯ ಮೂಲೆಯ ಹರಾಜು ಪ್ರಕಟಣೆ, ತಾಲೂಕು ಕಚೇರಿಯ ಸರ್ವೆ ನಕ್ಷೆಯಲ್ಲಿ ಇನ್ನೂ ಅಳಿಯದ ಒಂದು ಗೆರೆ.

ಯುವಕ: ನಾನೀಗ ಒಂದು ತೀರ್ಮಾನಕ್ಕೆ ಬಂದಿದ್ದೇನೆ ಮಾವಯ್ಯ. ಕುಂದಾಪುರವನ್ನೇ ಬಿಟ್ಟುಬಿಡುವುದು. ಮಂಗಳೂರಿನ ಬಂದರು ಕಟ್ಟುತ್ತೇನೆ. ಅಲ್ಲಿ ಗೂಡ್ಸ್‌ಶೆಡ್ ರಸ್ತೆ ಅಂತ ಈಗಲೂ ಹೆಸರಿದೆ. ಒಂದು ಕಡೆ ನೀರು, ಒಂದು ಕಡೆ ಹಳಿ, ನಡುವೆ ಹಂಚು, ಕಾಫಿ, ಗೇರುಬೀಜ, ಒಣಮೀನು. ಬ್ರಾಡ್‌ಗೇಜ್, ಉಗಿ ಎಂಜಿನ್. ಕಾಲ 1951ರ ನಂತರದ್ದು, ದಕ್ಷಿಣ ರೈಲ್ವೆ ಆದ ಮೇಲಿನದ್ದು. ಎಲ್ಲಕ್ಕೂ ಆಧಾರ ಸಿಗುತ್ತದೆ.

ಹಿರಿಯರು: ಸೈ. ಹಂಗಾರೆ ನಿನ್ನ ವ್ಯಾಗನ್ನಿನ ಒಳಗೆ ಇರುವ ಹಂಚು ಯಾವ ಊರಿನದು?

ಯುವಕ: ಮಂಗಳೂರಿನದು.

ಹಿರಿಯರು: ಎಲ್ಲವೂ? ಮದರಾಸಿನವನಿಗೆ ‘ಮಂಗಳೂರು ಹಂಚು’ ಅಂತ ಹೋದದ್ದು ಎಲ್ಲವೂ ಮಂಗಳೂರಿನಲ್ಲೇ ಸುಟ್ಟದ್ದಾ? ಈ ಕರಾವಳಿಯಲ್ಲಿ ಎಲ್ಲಿ ಸುಟ್ಟರೂ ಅದು ಮಂಗಳೂರು ಹಂಚೇ. ಹೆಸರಿನಲ್ಲಿ ನಾವು ಆಗಲೇ ಇಲ್ಲ. ನೀನು ಹಲಗೆಯ ಮೇಲಿಂದಲೂ ತೆಗೆದರೆ ಮತ್ತೆ ಉಳಿದದ್ದೆಂತ?

ಯುವಕ: ಮೊದಲು ನೀವೇ ಹೇಳಿದ್ದು, ಇಲ್ಲಿ ರೈಲು ಇರಲಿಲ್ಲ ಅಂತ!

ಹಿರಿಯರು: ರೈಲು ಇರಲಿಲ್ಲ ಅಂದೆ. ಊರು ಇರಲಿಲ್ಲ ಅನ್ನಲಿಲ್ಲ.

ಇಲ್ಲಿಂದ ಇಬ್ಬರ ಜಾಗ ಅದಲುಬದಲಾಯಿತು. ಮಾದರಿ ರೈಲಿನವರಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡ ನಿಜವಾಗಿ ಇದ್ದ ಜಾಗವನ್ನು ನಿಜವಾಗಿ ಇದ್ದ ಹಾಗೆ, ಒಂದು ನಿರ್ದಿಷ್ಟ ವರ್ಷಕ್ಕೆ ಕಟ್ಟಿಹಾಕಿ ತೋರಿಸುವುದು. ಇನ್ನೊಂದು, ಇರಬಹುದಾಗಿದ್ದ ಜಾಗವನ್ನು ನಂಬುವಂತೆ ಕಟ್ಟುವುದು. ತನ್ನನ್ನು ಮೊದಲನೆಯದಕ್ಕೆ ಸೇರಿದವನೆಂದು ಭಾವಿಸಿದ್ದ ಯುವಕನಿಗೆ, ಎರಡನೆಯದರ ವಕಾಲತ್ತು ಹಿರಿಯರ ಬಾಯಿಂದ ಬಂದದ್ದು ಅನಿರೀಕ್ಷಿತ.

ಹಿರಿಯರು: 1907ರಲ್ಲಿ ಮಂಗಳೂರಿಗೆ ಬಂದ ರೈಲು ಅಲ್ಲಿ ನಿಲ್ಲದೆ ಮುಂದೆ ಬಂದಿದ್ದರೆ? ಹಾಗೆ ಕಟ್ಟು. 1920ಕ್ಕೆ ಕುಂದಾಪುರಕ್ಕೆ ರೈಲು. ನಮ್ಮ ಕಾರ್ಖಾನೆಯ ಅಂಗಳಕ್ಕೆ ಒಂದು ಹಳಿ.

ಯುವಕ: ಅದು ಸುಳ್ಳಾಗುತ್ತದೆ ಮಾವಯ್ಯ. ನಾಳೆ ಶಾಲೆಯ ಮಕ್ಕಳು ಬಂದು ನೋಡುತ್ತಾರೆ. ಕುಂದಾಪುರಕ್ಕೆ ನೂರು ವರ್ಷದ ಹಿಂದೆ ರೈಲಿತ್ತು ಅಂದುಕೊಂಡು ಹೋಗುತ್ತಾರೆ. ಮಾದರಿ ನೋಡಿದವರು ಅದರ ಕೆಳಗಿನ ಚೀಟಿ ಓದುವುದಿಲ್ಲ.

ಹಿರಿಯರು: ನಿನ್ನ ಹಳಿಯ ಅಗಲ ಎಷ್ಟು?

ಯುವಕ: ಹದಿನಾರೂವರೆ ಮಿಲಿಮೀಟರ್.

ಹಿರಿಯರು: 87ರಿಂದ ಗುಣಿಸು.

ಯುವಕ: …1435. ಗೊತ್ತು ಬಿಡಿ. ನಮ್ಮ ಬ್ರಾಡ್‌ಗೇಜ್ 1676. ಸರಿಯಾಗಿ ಹಾಕುವುದಾದರೆ 19 ಮಿಲಿಮೀಟರ್ ದಾಟಬೇಕು. ಆ ಅಳತೆಯ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಎಲ್ಲರೂ ಇದನ್ನೇ ಹಾಕುವುದು.

ಹಿರಿಯರು: ಹಳಿಯ ಅಗಲದಲ್ಲೇ ಸುಳ್ಳು ಹೇಳಿ ಕೂತವ ಸೈಡಿಂಗಿನ ಸುಳ್ಳಿಗೆ ಎಂತಕ್ಕೆ ಹೆದರುವುದು?

ಯುವಕ: ಎರಡೂ ಒಂದೇ ಅಲ್ಲ. ಹಳಿ ಎರಡೂಮುಕ್ಕಾಲು ಮಿಲಿಮೀಟರ್ ಕಿರಿದಾದರೆ ಯಾರ ಬದುಕಿನ ಕಥೆಯೂ ಬದಲಾಗುವುದಿಲ್ಲ. ಸೈಡಿಂಗ್ ಹಾಕಿದರೆ ಬದಲಾಗುತ್ತದೆ. ನಿಮ್ಮ ದೋಣಿಯವರು ಏನಾದರು ಆಗ? ಮಂಜಿಯವರು? ರೈಲು ಬಂದಿದ್ದರೆ ಅವರ ಕೆಲಸ 1920ರಲ್ಲೇ ಹೋಗುತ್ತಿತ್ತು. ಒಂದು ಸುಳ್ಳು ಹಳಿ ಹಾಕಿ ಗಂಗೊಳ್ಳಿಯ ಅರ್ಧ ಜನರನ್ನು ಹಲಗೆಯಿಂದ ಒರೆಸಿದ ಹಾಗೆ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಎತ್ತಿದ ಮಾತು ಈ ವಾದಕ್ಕೆ ಉತ್ತರವಾಗಿರಲಿಲ್ಲ. ಹೊಸ ತಕರಾರಾಗಿತ್ತು, ಅದೂ ತಮ್ಮ ಸಲಹೆಯ ಮೇಲೇ.

ಹಿರಿಯರು: ಮತ್ತೊಂದು ಉಂಟು. ರೈಲು ಬಂದಿದ್ದರೆ ನಮ್ಮ ಕಾರ್ಖಾನೆ ಹೊಳೆಬದಿಯಲ್ಲಿ ಇರುತ್ತಿತ್ತಾ? ನೀರಿಗೋಸ್ಕರ ಅಲ್ದಾ ಅದು ಅಲ್ಲಿ ಕೂತದ್ದು. ಸ್ಟೇಷನ್ ಹತ್ತಿರ ಜಾಗ ಹಿಡಿಯುತ್ತಿದ್ದರು. ಹೊಳೆಬದಿಯ ಕಾರ್ಖಾನೆಗೆ ಹಳಿ ಎಳೆದರೆ ಎರಡು ಸಲ ತಪ್ಪು.

ಯುವಕ: ಅದಕ್ಕೆ ನನ್ನ ಹತ್ತಿರ ಉತ್ತರ ಇದೆ, ಬೇಡವೆಂದರೂ. ಕೇರಳದ ಫರೋಕ್ ನೋಡಿ. ಬಾಸೆಲ್ ಮಿಷನ್ 1905ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆ ಹಾಕಿತು. ಅಷ್ಟರಲ್ಲಿ ಆ ದಾರಿಯಲ್ಲಿ ಕಲ್ಲಿಕೋಟೆಗೆ ರೈಲು ಓಡುತ್ತಿತ್ತು. ಆದರೂ ಕಾರ್ಖಾನೆ ಚಾಲಿಯಾರ್ ಹೊಳೆಯ ದಂಡೆಯನ್ನೇ ಹಿಡಿಯಿತು. ಸುಟ್ಟ ಹಂಚು ರೈಲಿನಲ್ಲಿ ಹೋಗಬಹುದು, ಹಸಿ ಮಣ್ಣು ಬರುವುದು ದೋಣಿಯಲ್ಲೇ.

ಹಿರಿಯರು: ಹಂಗಾರೆ ನನ್ನ ಸೈಡಿಂಗ್ ಆಗಬಹುದು ಅಂತ ನೀನೇ ಹೇಳಿದ ಹಾಗಾಯ್ತಲ್ಲ!

ಯುವಕ: ಆಗಬಹುದಾಗಿತ್ತು ಅಂತ ಹೇಳಿದೆ. ಆಯ್ತು ಅಂತಲ್ಲ.

ಫರೋಕ್‌ನಂಥ ಹೋಲಿಕೆ ಈ ಬಗೆಯ ಹುಡುಕಾಟದಲ್ಲಿ ಬೆಲೆಬಾಳುವ ಸಾಧನ. ಇಲ್ಲದ ಒಂದು ವ್ಯವಹಾರವನ್ನು ಊಹಿಸುವಾಗ, ಅದೇ ಕಸುಬು, ಅದೇ ಮಣ್ಣು, ಅದೇ ಮಳೆ ಇರುವ ಇನ್ನೊಂದು ಊರಿನಲ್ಲಿ ಏನಾಯಿತು ಎಂದು ನೋಡಿದರೆ ಊಹೆಗೆ ಲಗಾಮು ಬೀಳುತ್ತದೆ. ಹಿಂದಿನ ನಕ್ಷೆಗಳಲ್ಲಿ ನೋಡಬೇಕಾದ ಇನ್ನೊಂದು ಹೆಸರು ಔಟ್ ಏಜೆನ್ಸಿ. ರೈಲಿಲ್ಲದ ಊರಿನಲ್ಲಿ ಸರಕು ಬುಕ್ ಮಾಡಿಕೊಂಡು, ಹತ್ತಿರದ ಸ್ಟೇಷನ್‌ವರೆಗೆ ರಸ್ತೆಯಲ್ಲಿ ಸಾಗಿಸಿ, ಅಲ್ಲಿಂದ ರೈಲಿಗೆ ಹಾಕುವ ಗುತ್ತಿಗೆಯ ಕಚೇರಿ ಅದು. ಹಳಿಯಿಂದ ದೂರವಿದ್ದ ಊರು ರೈಲ್ವೆಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಹೀಗೆ. ಘಟ್ಟದ ಮೇಲಿನ ದಾರಿಯನ್ನೂ ಮರೆಯುವ ಹಾಗಿಲ್ಲ. ಕುಂದಾಪುರದ ಉಪ್ಪುಮೀನು, ತೆಂಗಿನಕಾಯಿ ಹತ್ತುತ್ತಿದ್ದದ್ದು, ಘಟ್ಟದ ಅಕ್ಕಿ ಇಳಿಯುತ್ತಿದ್ದದ್ದು ಹೊಸಂಗಡಿಯ ಕಡೆಯಿಂದ; ಅತ್ತ ಮೈಸೂರು ಸಂಸ್ಥಾನದ ರೈಲು ಶಿವಮೊಗ್ಗದಲ್ಲಿತ್ತು, ಮುಂದೆ ಸಾಗರ, ತಾಳಗುಪ್ಪದವರೆಗೂ ಬಂತು.

ಕೊಂಕಣ ರೈಲು ಬಂದ ಮೇಲಿನ ಕಾಲಕ್ಕೆ ಮಾದರಿಯನ್ನು ಕೂರಿಸಿದರೆ ಏನಾಗುತ್ತದೆ ಎಂಬುದನ್ನೂ ಇಬ್ಬರು ಪರೀಕ್ಷಿಸಿದರು. ಫಲ ಹೆಚ್ಚಿರಲಿಲ್ಲ.

ಯುವಕ: ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ? ಅದು ನಿಂತದ್ದು ಈಚೆಗೆ. ರೈಲು ಬಂದ ಮೇಲೂ ಕೆಲವು ವರ್ಷ ಇತ್ತಲ್ಲ. ಕಾಕಂಬಿ ತುಂಬಿದ ಟ್ಯಾಂಕ್ ವ್ಯಾಗನ್, ಬಾರ್ಕೂರಿನಿಂದ ಒಂದು ಹಳಿ…

ಹಿರಿಯರು: ಆಸೆ ನೋಡು! ಈಗಷ್ಟೇ ಸುಳ್ಳು ಬೇಡ ಅಂದವನು. ಕಬ್ಬೇ ಸಾಲದೆ ಸೊರಗಿದ ಕಾರ್ಖಾನೆಗೆ ಹಳಿ ಎಳೆಯುತ್ತಾನಂತೆ.

ಯುವಕ: ರೋರೋ ಆದರೂ ಹಾಕಬಹುದು. ಚಪ್ಪಟೆ ವ್ಯಾಗನ್ ಮೇಲೆ ಲಾರಿ. 1999ರಲ್ಲಿ ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ ಶುರುವಾಗಿ ಆಮೇಲೆ ಸುರತ್ಕಲ್‌ವರೆಗೂ ಬಂತು.

ಹಿರಿಯರು: ಬಂತು. ನಮ್ಮ ಮೂಡ್ಲಕಟ್ಟೆಯಲ್ಲಿ ನಿಲ್ಲುತ್ತದಾ? ಲಾರಿಯನ್ನು ಹೊತ್ತ ರೈಲು ನಮ್ಮೂರನ್ನು ಹಾದು ಹೋಗುತ್ತದೆ. ರೈಲನ್ನು ನಂಬಿ ಬದುಕುವ ವ್ಯಾಪಾರ ಈ ಮೂರು ತಾಲೂಕಿನಲ್ಲಿ ಕಾಣಬೇಕಾದರೆ ಬೈಂದೂರಿಗೆ ಹೋಗು. ಸ್ಟೇಷನ್ನಿನ ಹೆಸರೇ ಮೂಕಾಂಬಿಕಾ ರೋಡ್. ಕೇರಳದ ಭಕ್ತರು ಇಳಿಯುತ್ತಾರೆ, ಕೊಲ್ಲೂರಿಗೆ ಟ್ಯಾಕ್ಸಿ ಹಿಡಿಯುತ್ತಾರೆ. ಆ ಟ್ಯಾಕ್ಸಿಯವರೇ ನಿನ್ನ ಗಿರಾಕಿ. ಸೈಡಿಂಗ್ ಇಲ್ಲ, ಗೋದಾಮಿಲ್ಲ, ಆದರೆ ರೈಲು ತಡವಾದ ದಿನ ಅವರಿಗೆ ಊಟ ತಡ.

ಯುವಕ: ಅದನ್ನು ಮರೆಯಲಿಕ್ಕೆ ಇನ್ನೂ ಐವತ್ತು ವರ್ಷ ಬೇಕು. ನನಗೆ ಮರೆತುಹೋದದ್ದು ಬೇಕು.

ಈ ಉತ್ತರದಲ್ಲಿ ಹವ್ಯಾಸದ ಒಂದು ದೌರ್ಬಲ್ಯವಿದೆ. ಕಣ್ಣೆದುರಿನ ಟ್ಯಾಕ್ಸಿ ಸ್ಟ್ಯಾಂಡಿನ ಫೋಟೊ ತೆಗೆಯಲು ಯಾರಿಗೂ ಮನಸ್ಸಾಗುವುದಿಲ್ಲ, ಅದು ಹೋದ ಮೇಲೆ ಎಲ್ಲರೂ ಹುಡುಕುತ್ತಾರೆ. ಕೊಂಕಣ ರೈಲಿನ ವಿದ್ಯುದೀಕರಣ 2022ರ ಜೂನ್‌ನಲ್ಲಿ ಲೋಕಾರ್ಪಣೆಗೊಂಡಿತು. ಅದಕ್ಕೂ ಹಿಂದಿನ, ತಂತಿಗಳಿಲ್ಲದ ಮೂಡ್ಲಕಟ್ಟೆ ಸ್ಟೇಷನ್ನಿನ ಚಿತ್ರ ಈಗಾಗಲೇ ಹಳೆಯ ಚಿತ್ರ.

ಮಾತು ಮತ್ತೆ ಕಾರ್ಖಾನೆಯ ಅಂಗಳಕ್ಕೆ ಬಂತು, ಅಳತೆಯ ನೆಪದಲ್ಲಿ. 87ನೇ ಒಂದು ಪಾಲಿನಲ್ಲಿ ಮೂವತ್ತು ಮೀಟರಿನ ಚಿಮಣಿ 34 ಸೆಂಟಿಮೀಟರ್ ಆಗುತ್ತದೆ, ಬಿಸಿಎನ್‌ಎ ವ್ಯಾಗನ್ ಹದಿನಾರೂವರೆ ಸೆಂಟಿಮೀಟರ್. 41 ಸೆಂಟಿಮೀಟರ್ ಉದ್ದದ ಹಂಚು ಐದು ಮಿಲಿಮೀಟರಿಗೂ ಕಡಿಮೆ, ಎಳ್ಳುಕಾಳಿಗಿಂತ ತುಸು ದೊಡ್ಡದು. ಐದಡಿಯ ಹೆಂಗಸು ಹದಿನೇಳೂವರೆ ಮಿಲಿಮೀಟರ್.

ಹಿರಿಯರು: ಹೆಂಗಸರು ಎಷ್ಟು ಜನ ಇದ್ದಾರೆ ನಿನ್ನ ಹಲಗೆಯಲ್ಲಿ?

ಯುವಕ: ಪ್ಲಾಟ್‌ಫಾರಂನಲ್ಲಿ ಮೂರು.

ಹಿರಿಯರು: ಕಾರ್ಖಾನೆಯಲ್ಲಿ?

ಯುವಕ: …ಅಲ್ಲಿ ಯಂತ್ರ ಇಟ್ಟಿದ್ದೇನೆ. ಹಂಚು ಒತ್ತುವ ಪ್ರೆಸ್.

ಹಿರಿಯರು: ಪ್ರೆಸ್ಸಿನಿಂದ ತೆಗೆದ ಹಸಿ ಹಂಚನ್ನು ಒಣಗುವ ಅಟ್ಟಕ್ಕೆ ಹೊತ್ತವರು ಯಾರು? ಅಲ್ಲಿಂದ ಗೂಡಿಗೆ? ಗೂಡಿನಿಂದ ದೋಣಿಗೆ? ತಲೆಯ ಮೇಲೆ ಸಿಂಬಿ ಇಟ್ಟು ಹಲಗೆದಾರಿ ಮೇಲೆ ನಡೆದವರು ಹೆಂಗಸರು. ಅವರ ಹೆಸರು ಹಂಚಿನ ಬೆನ್ನಲ್ಲಿ ಇಲ್ಲ. ಹಾಜರಿ ಪುಸ್ತಕದಲ್ಲಿ ಇತ್ತು. ಆ ಪುಸ್ತಕ ಗೆದ್ದಲು ತಿಂದಿರಬೇಕು. ನೀನು ಮರೆತುಹೋದ ವ್ಯಾಪಾರ ಹುಡುಕುತ್ತೇನೆ ಅನ್ನುತ್ತೆ. ಧಣಿಯ ಹೆಸರು ಒಂದಲ್ಲ ಒಂದು ಕಡೆ ಸಿಕ್ಕೇ ಸಿಗುತ್ತದೆ.

ಯುವಕ: ನೀವು ಹೇಳಿದರೆ ಬರೆದುಕೊಳ್ಳುತ್ತೇನೆ. ಹೇಗೆ ನಡೆಯುತ್ತಿದ್ದರು, ಒಮ್ಮೆಗೆ ಎಷ್ಟು ಹಂಚು, ಮಳೆಗಾಲದಲ್ಲಿ ಏನು ಮಾಡುತ್ತಿದ್ದರು.

ಹಿರಿಯರು: ಮಳೆಗಾಲದಲ್ಲಿ ಅಳಿವೆಯ ಬಾಯಿ ದಾಟುವ ಹಾಗಿಲ್ಲ, ಮಂಜಿ ದಡಕ್ಕೆ. ಒಣಗುವುದೂ ಕಷ್ಟ. ನಾಲ್ಕು ತಿಂಗಳು ಸರಕು ಅಂಗಳದಲ್ಲಿ. ನೀನು ಗದ್ದೆಗೆ ಹಸಿರು ಬಣ್ಣ ಹಾಕಿದ್ದೆ ಅಲ್ದಾ? ನಾಟಿಯಾದ ಹಸಿರು. ಹೊಳೆಯಲ್ಲಿ ಮಂಜಿಗೆ ಹಾಯಿ ಬಿಚ್ಚಿದ್ದೆ. ಎರಡೂ ಒಂದೇ ದಿನ ಆಗುವುದಿಲ್ಲ ಮಾಣಿ.

ಯುವಕನಿಗೆ ಇಡೀ ಹುಡುಕಾಟದಲ್ಲಿ ಸಿಕ್ಕ ಅತ್ಯಂತ ನಿಖರವಾದ ತಿದ್ದುಪಡಿ ಇದೇ ಇರಬೇಕು, ಮತ್ತು ಅದು ಯಾವ ಕಡತದಲ್ಲೂ ಇರಲಿಲ್ಲ. ಮಾದರಿಗೆ ವರ್ಷ ಸಾಲದು, ತಿಂಗಳೂ ಬೇಕು. ಹಾಗೆಂದು ನೆನಪು ಎಲ್ಲ ಕಡೆ ಗೆಲ್ಲುವುದೂ ಇಲ್ಲ. ಹಿರಿಯರು ತಮ್ಮ ಕಾರ್ಖಾನೆಗೆ ಎರಡು ಚಿಮಣಿಯಿತ್ತು ಎಂದು ಹೇಳುತ್ತಾ ಬಂದಿದ್ದರು. ಯುವಕ ಒಂದು ಹಳೆಯ ಮದುವೆಯ ಗುಂಪುಫೋಟೊದ ಹಿನ್ನೆಲೆಯಲ್ಲಿ ಒಂದೇ ಚಿಮಣಿ ತೋರಿಸಿದ. ಇನ್ನೊಂದು ಪಕ್ಕದ ಕಾರ್ಖಾನೆಯದೆಂದು ಹಿರಿಯರು ಆಮೇಲೆ ಒಪ್ಪಿದರು, ಅರ್ಧ ಮನಸ್ಸಿನಿಂದ.

ಕೊನೆಗೆ ಹಲಗೆ ಎರಡಾಯಿತು. ಬಲಗಡೆ ಮಂಗಳೂರಿನ ಬಂದರು: ಗೂಡ್ಸ್‌ಶೆಡ್, ಹಳಿ, ಉಗಿ ಎಂಜಿನ್, ನಾಲ್ಕು ಗಾಲಿಯ ವ್ಯಾಗನ್‌ಗಳು. ಎಡಗಡೆ ಕುಂದಾಪುರದ ಹೊಳೆದಂಡೆ: ಕಾರ್ಖಾನೆ, ಒಂದು ಚಿಮಣಿ, ಹಲಗೆದಾರಿಯ ಮೇಲೆ ಹದಿನಾಲ್ಕು ಹೆಂಗಸರು, ಮಂಜಿ; ಹಳಿ ಒಂದು ಇಂಚೂ ಇಲ್ಲ. ಗದ್ದೆ ಕೊಯ್ಲಾದ ಮೇಲಿನ ಕಂದು ಬಣ್ಣಕ್ಕೆ ತಿರುಗಿತು. ಎರಡು ಊರುಗಳ ನಡುವಿನ ಸುಮಾರು ತೊಂಬತ್ತು ಕಿಲೋಮೀಟರ್ ಈ ಅಳತೆಯಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚಾಗುತ್ತದೆ. ಅಟ್ಟದಲ್ಲಿ ಅದು ಒಂದು ಮೊಳದ ಖಾಲಿ ಜಾಗ.

ಯುವಕ: ಒಂದು ತೊಂದರೆ ಇದೆ. ರೈಲು ಕರೆಂಟಿನಲ್ಲಿ ಓಡುತ್ತದೆ. ಮಂಜಿ ಈ ಹಲಗೆಯಿಂದ ಆ ಹಲಗೆಗೆ ಹೋಗಬೇಕಾದರೆ ಪ್ರತಿ ಸಲ ಕೈಯಲ್ಲಿ ಎತ್ತಿ ಇಡಬೇಕು.

ಹಿರಿಯರು: ಇಡು. ಎಷ್ಟು ಹೊತ್ತು ಬೇಕು?

ಯುವಕ: ಎರಡು ಸೆಕೆಂಡು.

ಹಿರಿಯರು: ಅದು ಆಗಲಿಕ್ಕಿಲ್ಲ. ಗಾಳಿ ನೋಡಿ ಇಡಬೇಕು. ಬೆಳಿಗ್ಗೆ ಎತ್ತಿದರೆ ಸಂಜೆಯವರೆಗೆ ನಡುವೆಯೇ ಇರಲಿ. ಆ ಖಾಲಿ ಜಾಗದಲ್ಲಿ ಒಂದು ಮಣೆ ಹಾಕು, ಅದರ ಮೇಲೆ.

ಯುವಕ: ಅಲ್ಲಿಯವರೆಗೆ ವ್ಯಾಗನ್ ಖಾಲಿ ನಿಲ್ಲಬೇಕೇ?

ಹಿರಿಯರು: ನಿಲ್ಲಲಿ. ವ್ಯಾಗನ್ ತಡೆಹಿಡಿದದ್ದಕ್ಕೆ ಡೆಮರೇಜ್ ಹಾಕಿದರೆ ಬಿಲ್ಲು ನಾನು ಬರೆಯುತ್ತೇನೆ.

ಮಣೆ ಹಾಕಲಾಗಿದೆ. ಎಡಗಡೆಯ ಕಾರ್ಖಾನೆಯ ಗೇಟಿನ ಮೇಲೆ ಯಾವ ಹೆಸರು ಬರೆಯುವುದೆಂಬುದು ಮಾತ್ರ ಇನ್ನೂ ನಿಶ್ಚಯವಾಗಿಲ್ಲ. ಯುವಕನಿಗೆ ಹಂಚಿನ ಬೆನ್ನಲ್ಲಿ ಸಿಕ್ಕ ಹೆಸರೊಂದು ಬೇಕು. ಹಿರಿಯರು ಗೇಟಿನ ಮೇಲೆ ಹೆಸರೇ ಇರಲಿಲ್ಲ ಎನ್ನುತ್ತಾರೆ, ಊರಿಗೆಲ್ಲ ಗೊತ್ತಿದ್ದ ಜಾಗಕ್ಕೆ ಫಲಕ ಯಾರು ಹಾಕುತ್ತಾರೆ ಎಂದು.